ಏಳದ ಹುಳುಗಳಿಗಾಗಿ ಕಾಯುವುದು

ನನಗೂ ನನ್ನ ತಮ್ಮನಿಗೂ ಒಂದೇ ಕಾಯಿಲೆ: ದೊಡ್ಡ ಕರುಳಿನಲ್ಲಿ ಹುಣ್ಣು. ಬೆಂಗಳೂರಿನ ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದ್ದರು. ಸೋಂಕಿನೊಡನೆ ಹೋರಾಡಲು ಕರುಳಿನ ಗೋಡೆಯಲ್ಲಿ ರಕ್ಷಣಾ ಕಣಗಳಿರುತ್ತವೆ. ಅಲ್ಲೇ ವಾಸವಾಗಿರುವ ಬ್ಯಾಕ್ಟೀರಿಯಾಗಳನ್ನು ಅವು ಸುಮ್ಮನೆ ಬಿಡಬೇಕು. ನಮ್ಮಲ್ಲಿ ಬಿಡುವುದಿಲ್ಲ. ಒಂದಿಷ್ಟು ಕಣಗಳು ಕೆರಳಿ ಉಳಿದವನ್ನು ಕರೆಯುತ್ತವೆ, ಎಲ್ಲ ಸೇರಿ ಗೋಡೆಯನ್ನೇ ಕೆಡಿಸುತ್ತವೆ. ಆ ಕರೆಯನ್ನು ತಡೆಯುವ ಇಂಜೆಕ್ಷನ್ ಇಬ್ಬರಿಗೂ ಶುರುವಾಯಿತು.

ಮದ್ದು ಅವನಿಗೆ ಹಿಡಿಯಿತು. ನನಗೆ ಹಿಡಿದ ಹಾಗಿಲ್ಲ. ಅಕ್ಕತಮ್ಮಂದಿರಾದರೂ ಕಣಗಳು ಒಂದೇ ರೀತಿ ನಡೆದುಕೊಳ್ಳಬೇಕೆಂದಿಲ್ಲವಂತೆ. ಮುಂದಿನ ವಾರ ಉಪವಾಸವಿರಿಸಿ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ. ಹುಣ್ಣು ಹಾಗೇ ಇದ್ದರೆ ಕರುಳನ್ನೇ ತೆಗೆಯುವ ಮಾತು.

ಮೊನ್ನೆ ಭಾನುವಾರ ರಾಮನಗರದಿಂದ ಸಾತನೂರಿಗೆ, ಅವನ ಮನೆಗೆ ಹೋದೆ. ಕನಕಪುರದಲ್ಲಿ ಬಸ್ಸು ಇಳಿದ ಕೂಡಲೇ ಕಕ್ಕಸು ಹುಡುಕಿದವಳು ನಾನು. ಸಾತನೂರು ತಲುಪಿದಾಗ ಅವನು ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಆರಾಮಾಗಿ ನಡೆದು ಬಂದ. ನನಗೆ ಸಹಿಸಲಾಗಲಿಲ್ಲ.

ಅವ್ವ ಅವನಿಗೆ ಮುದ್ದೆ, ಖಾರದ ಉಪ್ಸಾರು ಬಡಿಸಿದಳು; ನನಗೆ ಗಂಜಿ. ಅವನಿಗೇ ಮೊದಲು ಬಡಿಸಿದಳೆಂದು ಆ ಸಂಜೆ ಬರೆದಿಟ್ಟೆ. ಈಗ ಅನುಮಾನ. ಗಂಜಿಯನ್ನು ಆರಲೆಂದು ಮೊದಲೇ ಇಟ್ಟಿದ್ದಿರಬಹುದು. ಅಸೂಯೆ ನೆನಪನ್ನು ತನಗೆ ಬೇಕಾದಂತೆ ಜೋಡಿಸಿಕೊಂಡಿರಬಹುದು. ಅವನು ಎರಡನೇ ಮುದ್ದೆ ಹಾಕಿಸಿಕೊಂಡದ್ದು ಮಾತ್ರ ನಿಜ.

ಊಟವಾದ ಮೇಲೆ ಕಾಲು ತೊಳೆಸಿ, ರೇಷ್ಮೆ ಸಾಕುವ ಹುಳುಮನೆಗೆ ಕರೆದೊಯ್ದ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ತನಕ ತಲೆಯೆತ್ತಿ, ತಿನ್ನದೆ ಕೂರುವುದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. ಆಗಲೇ ಎದ್ದ ಕೆಲವು, ತಟ್ಟೆ ಒಣಗಿರಲೆಂದು ಉದುರಿಸಿದ್ದ ಸುಣ್ಣದ ಪುಡಿಯ ಮೇಲೆ ಹಸಿದು ಹರಿದಾಡುತ್ತಿದ್ದವು. ಅವಕ್ಕೆ ಸೊಪ್ಪೇಕಿಲ್ಲ ಎಂದು ಕೇಳಿದೆ.

"ಎದ್ದೋವ್ಗೆ ಈಗ್ಲೇ ಹಾಕ್ಬುಟ್ರೆ ಕೂತಿರೋವು ಹಿಂದ್ಕೆ ಬಿದ್ಬುಡ್ತವೆ ಕಣಕ್ಕ. ಎಲ್ಲಾ ಏಳ್ಲಿ ಅಂತ ಒಸಿ ಕಾಯ್ಬೇಕು."

"ನೀನು ಕಾಯ್ಲಿಲ್ವಲ್ಲ," ಅಂದುಬಿಟ್ಟೆ.

"ನಾನೇನ್ ಹುಳನಾ?" ಎಂದು ನಕ್ಕ. ನಾನು ನಗಲಿಲ್ಲ. ಅವನು ತಟ್ಟೆಯ ಅಂಚಿನ ಹುಳುಗಳನ್ನು ಒಳಗೆ ಸರಿಸುತ್ತ, "ಆಸ್ಪತ್ರೆಗೆ ನಾನೂ ಬತ್ತೀನಿ. ನೀನು ಉಪಾಸ ಇರೋಗಂಟ ನಾನೂ ಉಣ್ಣಕಿಲ್ಲ," ಅಂದ.

ಮುಂದಿನ ವಾರ, ಜ್ವರದಿಂದೆದ್ದ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಅವನು ಮನೆಬಿಟ್ಟು ಕದಲುವ ಹಾಗಿರುವುದಿಲ್ಲ. ಅದು ನನಗೂ ಗೊತ್ತು. ಬೇಡ ಎನ್ನಬೇಕಿತ್ತು. ಬಾ ಎಂದೆ. ಪರೀಕ್ಷೆ ಮುಗಿದ ಮೇಲೆ ಅವನು ಹೋಟೆಲಿನಲ್ಲಿ ನನ್ನೆದುರು ಕೂತು ಏನೇನು ತಿಂದಾನು ಎಂದು ಆಗಲೇ ಯೋಚಿಸುತ್ತಿದ್ದೆ.