ಸೂತಕ ಕಳೆದು ಕೊಟ್ಟ ಕಾಗದ

ನನ್ನ ತಮ್ಮ ಮಿಲಿಟರಿಯಲ್ಲಿ ಆಫೀಸರ ಆಗಬೇಕಿತ್ತು. ಆಗಲಿಲ್ಲ. ಊರಿನವರು ಅದಕ್ಕೆ ಬಾಯಿಗೆ ಬಂದ ಕಾರಣ ಹೇಳಿದರು. ಕಿವಿ ಮಂದ ಅಂತ ಕೆಲವರು, ಜಾತಕ ಸರಿ ಇಲ್ಲ ಅಂತ ಕೆಲವರು. ಅದೆಲ್ಲ ಸುಳ್ಳು. ಆದದ್ದು ಎಂತ ಅಂತ ಗೊತ್ತಿದ್ದವರು ನಾಲ್ಕೇ ಜನ. ಮೂವರು ಸತ್ತರು, ನಾನು ಉಳಿದೆ. ನಾನು ಕಲಿತದ್ದು ಮೂರನೇ ಕ್ಲಾಸು. ಬರೆದು ಅಭ್ಯಾಸ ಇಲ್ಲ. ಆದ ಹಾಗೆ ಬರೆಯುತ್ತೇನೆ.

ನಾವು ಸುಳ್ಯದ ಕಡೆಯಿಂದ ಬಂದು ಕಡಬದ ಹತ್ತಿರ ಗದ್ದೆ ಮಾಡಿಕೊಂಡಿದ್ದ ಗೌಡರು. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ತಮ್ಮ, ನಾನು. ನನಗೆ ಮದುವೆ ಆಗಿತ್ತು. ಎರಡನೇ ವರ್ಷಕ್ಕೆ ಗಂಡ ಜ್ವರದಲ್ಲಿ ಹೋದ. ಮಕ್ಕಳಿಲ್ಲ. ವಾಪಸು ಬಂದು ಅಪ್ಪನ ಮನೆಯಲ್ಲಿ ಕೂತೆ. ಆಗ ನನಗೆ ಇಪ್ಪತ್ತೆರಡು.

ತಮ್ಮ ನನಗಿಂತ ಐದು ವರ್ಷಕ್ಕೆ ಸಣ್ಣವ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವ ಅವನೊಬ್ಬನೇ. ಕುಂಬ್ರದ ಅತ್ತೆ ಮನೆಯಲ್ಲಿ ನಿಂತು ಪುತ್ತೂರಿಗೆ ಹೋಗಿ ಬಂದು ಓದಿದ. ಅವನ ಓದು ಮುಗಿಯುವ ಹೊತ್ತಿಗೆ ಚೀನಾದ ಯುದ್ಧ ಬಂತು. ನಮ್ಮ ಸೈನಿಕರಿಗೆ ಹಿಮದಲ್ಲಿ ಸರಿಯಾದ ಬೂಟು ಇಲ್ಲ, ಊಟ ಮುಟ್ಟುವುದಿಲ್ಲ ಅಂತ ಪೇಪರಿನಲ್ಲಿ ಬರುತ್ತಿತ್ತಂತೆ. ತಮ್ಮ ಅದನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದ. ಆಮೇಲೆ ಸರಕಾರ ಓದಿದ ಹುಡುಗರನ್ನು ಆಫೀಸರರಾಗಿ ತೆಗೆದುಕೊಳ್ಳುತ್ತದೆ ಅಂತ ಸುದ್ದಿ ಆಯಿತು. ಇವ ಅರ್ಜಿ ಹಾಕಿದ. ಬಂದೂಕಿನ ಕಡೆಗೆ ಅಲ್ಲ. ಸೈನ್ಯಕ್ಕೆ ಅಕ್ಕಿ, ಬೇಳೆ, ಪೆಟ್ರೋಲು ಮುಟ್ಟಿಸುವ ವಿಭಾಗ ಉಂಟಂತೆ, ಅದಕ್ಕೆ.

ಅಪ್ಪ ನಕ್ಕ.

"ಅಕ್ಕಿ ಅಳೆಯಲಿಕ್ಕೆ ಮಿಲಿಟರಿಗೆ ಯಾಕೆ ಹೋಗುದು? ಇಲ್ಲಿ ಅಳೆ. ಕಳಸೆ ಅಟ್ಟದಲ್ಲಿ ಉಂಟು."

"ಗುಂಡು ಹೊಡೆಯುವವನಿಗೆ ಹೊಟ್ಟೆ ಇಲ್ವಾ ಅಪ್ಪ?"

"ಹಾಗಾದ್ರೆ ನೀನು ಅಡಿಗೆಭಟ್ಟ."

"ಅಡಿಗೆಭಟ್ಟನಿಗೆ ಅಕ್ಕಿ ಕಳಿಸುವವ," ಅಂದ ತಮ್ಮ.

ಅಜ್ಜಿ ಮೂಲೆಯಿಂದ, "ಒಳ್ಳೇದೇ ಆಯ್ತು. ಉಣ್ಣುವ ಜಾಗದಲ್ಲಿ ಇದ್ದವ ಸಾಯುದಿಲ್ಲ," ಅಂದಳು. ಅಮ್ಮ ಅಳುತ್ತಿದ್ದಳು. ಅವಳಿಗೆ ಮಿಲಿಟರಿ ಅಂದ್ರೆ ಎಲ್ಲ ಒಂದೇ.

ಬೆಂಗಳೂರಿನಲ್ಲಿ ಅವನನ್ನು ನಾಲ್ಕೈದು ದಿನ ಇಟ್ಟುಕೊಂಡು ಹಗ್ಗ ಹತ್ತಿಸಿದರು, ಗೋಡೆ ಹಾರಿಸಿದರು, ಪ್ರಶ್ನೆ ಕೇಳಿದರು. ಬಂದು ಹೇಳಿದ. ಒಬ್ಬ ಮೀಸೆಯ ದೊಡ್ಡ ಆಫೀಸರ ಕೇಳಿದ್ದಂತೆ, ಸೇತುವೆ ಮುರಿದಿದೆ, ಹೊಳೆ ತುಂಬಿದೆ, ಆಚೆ ದಡದಲ್ಲಿ ನೂರು ಜನ ಹಸಿದು ಕೂತಿದ್ದಾರೆ, ಅಕ್ಕಿ ಹೇಗೆ ದಾಟಿಸುತ್ತಿ ಅಂತ. ಉಳಿದ ಹುಡುಗರು ದೋಣಿ, ವಿಮಾನ ಅಂತ ಹೇಳಿದರು. ಇವ ನಮ್ಮ ಅಕ್ಕಿಮುಡಿಯ ಸಂಗತಿ ಹೇಳಿದ. ಬೈಹುಲ್ಲು ಹರಡಿ, ಒಳಗೆ ಅಕ್ಕಿ ಸುರಿದು, ಹುಲ್ಲಿನ ಹಗ್ಗದಲ್ಲಿ ಬಿಗಿದು, ಮರದ ಕೊಡತಿಯಲ್ಲಿ ಬಡಿದು ಬಡಿದು ಗುಂಡು ಮಾಡುದು. ಗುಡ್ಡದಿಂದ ಉರುಳಿಸಿದರೂ ಒಡೆಯುವುದಿಲ್ಲ, ಸ್ವಲ್ಪ ನೀರು ಬಿದ್ದರೂ ಒಳಗಿನ ಅಕ್ಕಿಗೆ ಎಂತ ಆಗುವುದಿಲ್ಲ. ಗೋಣಿ ಆದರೆ ಹರಿದೀತು.

"ಕಟ್ಟಲಿಕ್ಕೆ ಬರುತ್ತದಾ ನಿನಗೆ?" ಅಂತ ಅವ ಕೇಳಿದ.

"ನನಗಿಂತ ಚೆಂದ ನನ್ನ ಅಕ್ಕ ಕಟ್ಟುತ್ತಾಳೆ ಸರ್," ಅಂತ ಇವ ಹೇಳಿದನಂತೆ.

ಬೆಂಗಳೂರಿನಲ್ಲಿ ನನ್ನ ಸುದ್ದಿ ಆದದ್ದು ಅದೊಂದೇ ಸಲ.

ಇಂಟರ್‌ವ್ಯೂ ಪಾಸು, ಡಾಕ್ಟರರ ಪರೀಕ್ಷೆಯೂ ಪಾಸು. ಇನ್ನು ಟ್ರೈನಿಂಗಿಗೆ ಕರೆಯುವ ಕಾಗದ ಬರಬೇಕು. "ಬಂದ ದಿನವೇ ಹೊರಡ್ಬೇಕು. ದಿನ ತಪ್ಪಿದ್ರೆ ಹಿಂದೆ ನಿಂತವನನ್ನು ಕರೀತಾರೆ," ಅಂತ ಅವ ಊಟಕ್ಕೆ ಕೂತಾಗ ಹೇಳಿದ. ನಾನು ಗಂಜಿ ಬಡಿಸುತ್ತಿದ್ದೆ. ಕೇಳಿದ್ದೇನೆ. ಕೇಳಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಆದರೆ ಸರಕಾರದ ದಿನ ಅಂದರೆ ನಮಗೆ ಗೊತ್ತಿದ್ದದ್ದು ಕೋರ್ಟಿನ ವಾಯಿದೆ. ಗದ್ದೆಯ ತಕರಾರಿನಲ್ಲಿ ಅಪ್ಪ ಏಳು ವರ್ಷ ಪುತ್ತೂರಿಗೆ ನಡೆದಿದ್ದ. ಹೋದಾಗೆಲ್ಲ ದಿನ ಮುಂದೆ. ಹೋಗದಿದ್ದರೂ ಮುಂದೆ. ಸರಕಾರ ಹೇಳಿದ ದಿನಕ್ಕೆ ಸರಿಯಾಗಿ ಒಂದು ಕೆಲಸ ಆದದ್ದನ್ನು ನಾನು ಕಂಡವಳಲ್ಲ.

ನಮಗೆ ಬರುವ ಕಾಗದವನ್ನು ಕೂಡುರಸ್ತೆಯ ಬ್ಯಾರಿಗಳ ಜೀನಸು ಅಂಗಡಿಯಲ್ಲಿ ಕೊಟ್ಟು ಹೋಗುವುದು ಪದ್ಧತಿ. ಪೋಸ್ಟಿನವ ಒಳಗೆ ಎರಡು ಮೈಲು ನಡೆಯುತ್ತಿರಲಿಲ್ಲ. ಹನ್ನೊಂದು ಗಂಟೆಯ ಬಸ್ಸು ಬಂದ ಮೇಲೆ ತಮ್ಮ ದಿನಾ ಅಲ್ಲಿಗೆ ಹೋಗುವ.

"ಬನ್ನಿ ಕ್ಯಾಪ್ಟನ್ರೆ, ಇವತ್ತೂ ಇಲ್ಲ," ಅಂತ ಬ್ಯಾರಿಗಳು ದೂರದಿಂದಲೇ ಕೂಗಿ ಹೇಳುತ್ತಿದ್ದರು. "ನಿಮ್ಮ ಸೈನ್ಯಕ್ಕೆ ನನ್ನ ಅಂಗಡಿಯಿಂದಲೇ ಮೆಣಸು ತೆಗೀಬೇಕು, ಮರೀಬೇಡಿ ಮಾರಾಯ್ರೆ."

"ನಿಮ್ಮ ಮೆಣಸಿನಲ್ಲಿ ಅರ್ಧ ಮಣ್ಣು."

"ಮಿಲಿಟರಿಯವರಿಗೆ ಮಣ್ಣು ತಿಂದು ಅಭ್ಯಾಸ ಉಂಟಲ್ಲ!"

ಒಂದು ತಿಂಗಳು ಇದು ನಗೆ ಆಗಿತ್ತು. ಎರಡನೇ ತಿಂಗಳು ನಗೆ ಕಡಿಮೆ ಆಯಿತು. ಕೊಯಿಲದ ದನಗಳ ಫಾರ್ಮಿನಲ್ಲಿ ಹುಲ್ಲು, ಹಿಂಡಿ ತೂಗುವ ಕೆಲಸ ಉಂಟು ಅಂತ ಗೊತ್ತಿನವರು ಬಂದು ಕರೆದರು. ಬೇಡ ಅಂದ. ಸುಳ್ಯದ ಕಡೆಯ ಒಂದು ಹುಡುಗಿಯ ಮನೆಯವರು ಮದುವೆಗೆ ಕೇಳಿಸಿದರು. ಕಾಗದ ಬರಲಿ ಅಂದ. ಗದ್ದೆಗೆ ಇಳಿದರೂ ಕಣ್ಣು ರಸ್ತೆಯ ಕಡೆಗೆ. ಟ್ರಂಕು ತುಂಬಿಸಿ ಬಾಗಿಲ ಹಿಂದೆ ಇಟ್ಟಿದ್ದ. ಆ ಟ್ರಂಕಿಗೆ ಕಾಲು ತಾಗಿ ನಾನು ಎಷ್ಟು ಸಲ ಬೈದಿದ್ದೇನೆ.

ಮೂರನೇ ತಿಂಗಳಲ್ಲಿ ಅಜ್ಜಿ ತೀರಿಕೊಂಡಳು. ಬೆಳಿಗ್ಗೆ ಗಂಜಿ ಕುಡಿದು ಮಲಗಿದವಳು ಮಧ್ಯಾಹ್ನ ಏಳಲಿಲ್ಲ. ಅಷ್ಟೇ.

ಆಗ ನಮ್ಮಲ್ಲಿ ಹದಿನಾರು ದಿನ ಸೂತಕ. ಹದಿನಾರನೇ ದಿನ ಉತ್ತರಕ್ರಿಯೆಯ ಬೊಜ್ಜ ಮಾಡಿ ಊರಿಗೆ ಊಟ ಹಾಕಿದ ಮೇಲೆ ಕಳೆಯುತ್ತದೆ. ಅಲ್ಲಿವರೆಗೆ ಮನೆಯ ಗಂಡಸರು ಊರಿನ ಗಡಿ ದಾಟುವ ಹಾಗಿಲ್ಲ, ಒಳ್ಳೆಯ ಮಾತು ಒಂದೂ ಆಡುವ ಹಾಗಿಲ್ಲ. ಅಪ್ಪ ತಮ್ಮನಿಗೆ ಕಟ್ಟುನಿಟ್ಟು ಹೇಳಿದ, "ಬೊಜ್ಜ ಆಗುವಲ್ಲಿವರೆಗೆ ನೀನು ಕೂಡುರಸ್ತೆಗೆ ಹೋಗ್ಬಾರ್ದು." ತಮ್ಮ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದು, "ಅಕ್ಕ, ನೀನು ಕೇಳಿಕೊಂಡು ಬಾ," ಅಂದ. ನಾನು ಗಂಡ ಸತ್ತವಳು, ನನಗೆ ಕೆಡಲಿಕ್ಕೆ ಎಂತ ಉಳಿದಿತ್ತು? ಹೋದೆ. ಸೂತಕದವರು ಮೆಟ್ಟಿಲು ಹತ್ತಿದರೆ ಬೇರೆ ಅಂಗಡಿಯವರು ನೀರು ಚಿಮುಕಿಸುತ್ತಿದ್ದರು. ಬ್ಯಾರಿಗಳು ಮುಸ್ಲಿಮರು, ಅವರಿಗೆ ನಮ್ಮ ಸೂತಕ ಇಲ್ಲ. ಬೊಜ್ಜದ ಸಾಮಾನು ಅಲ್ಲಿಂದಲೇ ತರುವುದಿತ್ತು.

ಏಳನೇ ದಿನ. ಉಪ್ಪು, ಕೊತ್ತಂಬರಿ ಕಟ್ಟಿ ಕೊಟ್ಟ ಮೇಲೆ ಅವರು ಕೈ ಒರೆಸಿಕೊಂಡು ಒಂದು ಉದ್ದ ಕಂದು ಲಕೋಟೆ ತೆಗೆದರು. ಸರಕಾರದ ಮೊಹರು ಇತ್ತು.

"ಬಂತು ತಂಗೀ. ಈಗ ಬಸ್ಸಿನಲ್ಲಿ."

ನಾನು ಕೈ ಚಾಚಿದೆ, ಪುನಃ ಹಿಂದೆ ತೆಗೆದೆ.

ಅದು ಯಾಕೆ ಅಂತ ಹೇಳುತ್ತೇನೆ. ನನ್ನ ಮದುವೆಯ ಮಾತು ಆದದ್ದು ದೊಡ್ಡಪ್ಪನ ಸೂತಕದಲ್ಲಿ. ಗಂಡಿನ ಕಡೆಯವರ ಕಾಗದ ಹತ್ತನೇ ದಿನ ಬಂದಿತ್ತು. ಒಳ್ಳೆ ಸಂಬಂಧ ತಪ್ಪೀತು ಅಂತ ಅಪ್ಪ ಒಡೆದು ಓದಿಸಿದ, ಒಪ್ಪಿಗೆ ಹೇಳಿ ಕಳಿಸಿದ. "ಸೂತಕದಲ್ಲಿ ಒಡೆದ ಕಾಗದ, ಬಾಳುದಿಲ್ಲ," ಅಂತ ಅಜ್ಜಿ ಆಗಲೇ ಹೇಳಿದ್ದಳು. ಬಾಳಲಿಲ್ಲ. ತಮ್ಮನದ್ದು ಹಾಗೆ ಆಗುವುದು ಬೇಡ ಅಂತ ನನಗೆ ಆಯಿತು. ಅವ ಯುದ್ಧಕ್ಕೆ ಹೋಗುವವ. ನನ್ನ ಗಂಡನಿಗೆ ಬರೀ ಜ್ವರ ಬಂದದ್ದು.

"ನಿಮ್ಮಲ್ಲೇ ಇರಲಿ," ಅಂದೆ. "ಬೊಜ್ಜ ಕಳೆದು ತೆಗೊಳ್ತೇನೆ. ಸೂತಕದ ಮನೆಗೆ ಒಳ್ಳೆ ಕಾಗದ ಹೋಗ್ಬಾರ್ದು."

"ಅದು ನಂಗೆ ಗೊತ್ತುಂಟು. ಆದ್ರೆ ಅರ್ಜೆಂಟು ಇದ್ರೆ?"

"ಮೂರು ತಿಂಗಳು ಕಾದವನಿಗೆ ಒಂಬತ್ತು ದಿನ ಭಾರವಾ?"

"ಅವರನ್ನೇ ಒಂದು ಮಾತು ಕೇಳು ತಂಗೀ."

"ಕೇಳಿದ್ರೆ ಅವ ಈಗಲೇ ಓಡಿ ಬರ್ತಾನೆ. ನೀವು ಇಡಿ."

ಇಟ್ಟರು. ಸಕ್ಕರೆ ಡಬ್ಬಿಯ ಹಿಂದೆ, ಇರುವೆ ಬಾರದ ಹಾಗೆ ಪೇಪರು ಸುತ್ತಿ ಇಟ್ಟರು. ನಮ್ಮ ಪದ್ಧತಿಗೆ ಮರ್ಯಾದೆ ಕೊಟ್ಟು ಇಟ್ಟರು. ಅವರದ್ದು ಎಂತದೂ ತಪ್ಪಿಲ್ಲ.

ಮನೆಗೆ ಬಂದೆ. ಅಂಗಳದ ತುದಿಯಲ್ಲಿ ನಿಂತಿದ್ದ. "ಬಂತಾ ಅಕ್ಕ?"

"ಇಲ್ಲ."

ಒಂಬತ್ತು ದಿನ ಕೇಳಿದ. ಒಂಬತ್ತು ದಿನವೂ ಇಲ್ಲ ಅಂದೆ. ನನಗೆ ಒಳಗೆ ಖುಷಿಯೇ ಇತ್ತು. ಬೊಜ್ಜದ ಮರುದಿನ ಕೊಡುವಾಗ ಇವನ ಮುಖ ಹೇಗಾಗುತ್ತದೆ ಅಂತ ಪಾತ್ರೆ ಬೆಳಗುವಾಗ ನೆನೆಸಿಕೊಳ್ಳುತ್ತಿದ್ದೆ.

ಹದಿನೇಳನೇ ದಿನ ಮಿಂದು, ಮಡಿ ಸೀರೆ ಉಟ್ಟು ಹೋಗಿ ತಂದೆ. ಒಂದು ಅಚ್ಚು ಬೆಲ್ಲವನ್ನೂ ತಂದೆ. ಅವ ಜಗಲಿಯಲ್ಲಿ ಒಡೆದ. ಇಂಗ್ಲಿಷು. ಓದಿದ, ಪುನಃ ಮೇಲಿನಿಂದ ಓದಿದ. ಆಮೇಲೆ ಲಕೋಟೆ ತಿರುಗಿಸಿ ಕಡಬದ ಪೋಸ್ಟಿನ ಮುದ್ರೆ ನೋಡಿದ.

"ಇದು ಬಂದು ಎಷ್ಟು ದಿನ ಆಯ್ತು?"

"ಹತ್ತು. ನಾನೇ ಇಡ್ಲಿಕ್ಕೆ ಹೇಳಿದ್ದು. ಸೂತಕ ಅಲ್ವಾ."

ಅವ ನನ್ನನ್ನು ನೋಡಿದ. ಹೊಡೆಯುತ್ತಾನೆ ಅಂತ ಅಂದುಕೊಂಡೆ. ಹೊಡೆದಿದ್ದರೆ ಆಗುತ್ತಿತ್ತು. ಟ್ರೈನಿಂಗಿಗೆ ಹಾಜರಾಗುವ ದಿನ ಹೋಗಿ ಮೂರು ದಿನ ಆಗಿತ್ತು. ಕಾಗದ ಬಂದ ದಿನ ಹೊರಟಿದ್ದರೆ ಹೇಳಿದ ದಿನಕ್ಕೆ ಮುಂಚೆಯೇ ಮುಟ್ಟುತ್ತಿದ್ದ.

ಬಾಗಿಲ ಹಿಂದಿನ ಟ್ರಂಕು ಎತ್ತಿಕೊಂಡು ಆ ಹೊತ್ತಿಗೇ ಹೋದ. ಪುತ್ತೂರಿನಿಂದ ತಂತಿ ಕೊಟ್ಟ, ಬೆಂಗಳೂರಿಗೆ ಹೋದ. ಆರನೇ ದಿನ ಅದೇ ಟ್ರಂಕು ಹೊತ್ತು ಬಂದ. ಅಪ್ಪ ಕೇಳಿದ್ದಕ್ಕೆ, "ಜಾಗ ತುಂಬಿತಂತೆ," ಅಂದ. ಅಪ್ಪ ಒಂದು ವಾಯಿದೆ ಕೇಳಬಹುದಿತ್ತಲ್ಲ ಅಂದ. ತಮ್ಮ ಟ್ರಂಕನ್ನು ಅಟ್ಟಕ್ಕೆ ಹಾಕಿದ. ಬೆಲ್ಲ ಅಲ್ಲಿಯೇ ಜಗಲಿಯಲ್ಲಿ ಕರಗಿ ಇರುವೆ ಮುತ್ತಿತ್ತು. ನಾನು ಬಳಿದು ದನಕ್ಕೆ ಹಾಕಿದೆ.

ಮರುದಿನ ಬ್ಯಾರಿಗಳು ಮನೆಗೆ ಬಂದರು. ಅಂಗಳದಲ್ಲಿ ನಿಂತು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. "ನನ್ನಿಂದ ತಪ್ಪಾಯ್ತು. ನಾನು ಯಾರು ಹೇಳಿದ್ರೂ ಇಡ್ಬಾರ್ದಿತ್ತು."

"ತಪ್ಪು ನಿಮ್ಮದಲ್ಲ," ಅಂತ ತಮ್ಮ ಹೇಳಿದ. ಯಾರದ್ದು ಅಂತ ಹೇಳಲಿಲ್ಲ. ನಾನು ಅಲ್ಲಿಯೇ ಕಂಬದ ಹತ್ತಿರ ಇದ್ದೆ. ಅಪ್ಪನಿಗೆ ಅವತ್ತೇ ಗೊತ್ತಾದದ್ದು. ಅವ ನನಗೆ ಬೈಯಲಿಲ್ಲ. ಅವನ ಲೆಕ್ಕದಲ್ಲಿ ನಾನು ಮಾಡಿದ್ದು ಸರಿ. ಅಮ್ಮನಿಗೆ ನಾವು ಯಾರೂ ಹೇಳಲಿಲ್ಲ. ಅವಳು ಮಗ ಉಳಿದ ಅಂತ ಹರಕೆ ಸಂದಾಯ ಮಾಡಿದಳು.

ಕೊಯಿಲದ ಕೆಲಸ ಇನ್ನೂ ಖಾಲಿ ಇತ್ತು. ಸೇರಿದ. ಸೈನ್ಯಕ್ಕೆ ಅಕ್ಕಿ ಕಳಿಸಬೇಕಾದವ ದನಕ್ಕೆ ಹಿಂಡಿ ತೂಗಿದ. ಸುಳ್ಯದ ಹುಡುಗಿಗೆ ಅಷ್ಟರಲ್ಲಿ ಬೇರೆ ಕಡೆ ಆಗಿತ್ತು. ಪಾಕಿಸ್ತಾನದ ಯುದ್ಧ ಆದಾಗ ಬ್ಯಾರಿಗಳ ಅಂಗಡಿಯ ರೇಡಿಯೋದ ಎದುರು ಊರಿನವರೆಲ್ಲ ಸೇರಿದರು. ಇವ ಹೋಗಲಿಲ್ಲ. ನನ್ನ ಹತ್ತಿರ ಮಾತು ಬಿಡಲಿಲ್ಲ ಅವ. ಊಟ ಆಯಿತಾ, ದನ ಕಟ್ಟಿದೆಯಾ, ಎಲ್ಲ ಕೇಳುತ್ತಿದ್ದ. ಆದರೆ ತನ್ನ ಯಾವ ಕೆಲಸಕ್ಕೂ ನನ್ನನ್ನು ಕಳಿಸಲಿಲ್ಲ.

ಆ ಯುದ್ಧ ಆದ ಮರುವರ್ಷ ಅಪ್ಪ ಸತ್ತ. ಪುನಃ ಹದಿನಾರು ದಿನ. ಈ ಸಲ ತಮ್ಮನೇ ಕರ್ಮ ಹಿಡಿದವ. ಐದನೇ ದಿನ ನಾನು ಸಾಮಾನಿಗೆ ಹೋದಾಗ ಬ್ಯಾರಿಗಳು ಒಂದು ಕಂದು ಲಕೋಟೆ ಮುಂದೆ ಇಟ್ಟರು. ಅದೇ ಮೊಹರು. ಇವ ನಮಗೆ ಯಾರಿಗೂ ಹೇಳದೆ ಇನ್ನೊಂದು ಸಲ ಬರೆದಿದ್ದ.

"ಕೊಡಲಾ ತಂಗೀ, ಇಡಲಾ?" ಅಂತ ಕೇಳಿದರು.

"ಕೊಡಿ."

ಸಾಮಾನು ಅಲ್ಲಿಯೇ ಬಿಟ್ಟು ಓಡಿದೆ. ಎರಡು ಮೈಲು. ಅವ ತಲೆ ಬೋಳಿಸಿಕೊಂಡು ಅಂಗಳದಲ್ಲಿ ಕಾಗೆಗೆ ಅನ್ನ ಇಡುತ್ತಿದ್ದ. "ತೆಗೋ. ಈಗ ಬಂದದ್ದು. ಈಗಲೇ ಒಡಿ," ಅಂದೆ. ನನಗೆ ಏದುಸಿರು ಬರುತ್ತಿತ್ತು.

ಅವ ತೆಗೆದುಕೊಂಡ. ತಿರುಗಿಸಿ ಮುದ್ರೆ ನೋಡಿದ. ಆಮೇಲೆ ಜಗಲಿಗೆ ಹೋಗಿ ಮಾಡಿಗೆ ಹಾಕಿದ ಮರದ ಪಕಾಸಿಯ ಸಂದಿಯಲ್ಲಿ ಸಿಕ್ಕಿಸಿ ಬಂದ.

"ಒಡಿಯೋ!"

"ಸೂತಕ ಅಲ್ವಾ ಅಕ್ಕ," ಅಂದ.

ಕುಟುಕಿ ಹೇಳಿದನೋ, ಅವನಿಗೂ ಹೆದರಿಕೆ ಹಿಡಿದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನನ್ನು ಸುಟ್ಟ ಕೈಯಲ್ಲಿ ಒಡೆಯಲಿಕ್ಕೆ ಮನಸ್ಸು ಬರಲಿಲ್ಲವೋ ಏನೋ. ಹನ್ನೆರಡು ದಿನ ಅದು ಅಲ್ಲಿಯೇ ಇತ್ತು. ಗುಡಿಸುವಾಗ, ದೀಪ ಇಡುವಾಗ ಕಣ್ಣಿಗೆ ಬೀಳುತ್ತಿತ್ತು. ನಾನೇ ಒಡೆದು ಬಿಡುವ ಅಂತ ಎರಡು ಸಲ ಸ್ಟೂಲು ಇಟ್ಟೆ. ಇಂಗ್ಲಿಷು, ನನಗೆ ಎಂತ ಗೊತ್ತಾಗುತ್ತದೆ?

ಬೊಜ್ಜ ಕಳೆದ ಮರುದಿನ ಮಿಂದು ಬಂದು ತೆಗೆದು ಓದಿದ. ಮಡಚಿದ.

"ವಯಸ್ಸು ಮೀರಿತಂತೆ," ಅಂದ. "ಆವತ್ತೇ ಒಡೆದಿದ್ರೂ ಇದೇ ಇರ್ತಿತ್ತು."

ನನ್ನ ಸಮಾಧಾನಕ್ಕೆ ಹೇಳಿದ್ದು ಇರಬಹುದು. ನನಗೆ ಅದರಿಂದ ಸಮಾಧಾನ ಆಗಲಿಲ್ಲ. ಮೊದಲಿನದ್ದಕ್ಕೆ ಆ ಮಾತು ಹೇಳಲಿಕ್ಕೆ ಬರುವುದಿಲ್ಲ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಗಂಜಿ ಕುಡಿದು ಕೊಯಿಲಕ್ಕೆ ಕೆಲಸಕ್ಕೆ ಹೋದ. ನಾನು ಕಣದಲ್ಲಿ ಬೈಹುಲ್ಲು ಹರಡಿ ಮುಡಿ ಕಟ್ಟಲಿಕ್ಕೆ ಕೂತೆ. ಬೊಜ್ಜಕ್ಕೆ ತೆಗೆದು ಉಳಿದ ಅಕ್ಕಿ ಹಾಗೆಯೇ ಬಿದ್ದಿತ್ತು.