ವಾಷಿಂಗ್ ಮೆಷಿನ್ ಕಾಲಡಿಯ ಬೋರ್ಡು

ನನ್ನ ನಾದಿನಿ ಕೆಟ್ಟುಹೋದ ಹಾರ್ಡ್ ಡಿಸ್ಕುಗಳನ್ನು ರಿಪೇರಿ ಮಾಡುತ್ತಾಳೆ. ಇಬ್ಬರದೂ ಒಂದೇ ಅಂಗಡಿ. ಮುಂದಿನರ್ಧದಲ್ಲಿ ನನ್ನ ಜೆರಾಕ್ಸ್ ಮೆಷಿನ್ನು, ಹಿಂದಿನರ್ಧದಲ್ಲಿ ಅವಳ ಮೇಜು, ಭೂತಗನ್ನಡಿ, ಬಿಸಿಗಾಳಿ ಊದುವ ಗನ್ನು. ಕೈ ಎಷ್ಟು ಸೂಕ್ಷ್ಮವೋ ಬಾಯಿ ಅಷ್ಟೇ ಒರಟು. "ಅತ್ತಿಗೆ, ಇಲ್ಲಿಗೆ ಬರೋರೆಲ್ಲ ಹೇಳೋದು ಒಂದೇ ಸುಳ್ಳು. ನಾನೇನೂ ಮಾಡ್ಲಿಲ್ಲ, ತಾನಾಗೇ ಹಾಳಾಯ್ತು ಅಂತ!" ಎಂದು ಗಿರಾಕಿಯ ಎದುರಿಗೇ ಹೇಳಿಬಿಡುತ್ತಾಳೆ. ನನ್ನ ಸಿಟ್ಟೂ ಮೂಗಿನ ತುದಿಯಲ್ಲೇ ಇರುವುದು. ನಿಮ್ಮಿಬ್ಬರ ಅಂಗಡಿಗೆ ಜನ ಬರುವುದೇ ಪವಾಡ ಎಂದು ನನ್ನ ಗಂಡ ತಮಾಷೆ ಮಾಡುತ್ತಿರುತ್ತಾರೆ.

ಅವತ್ತು ಬಂದವರು ರಿಟೈರಾದ ಬಸ್ ಕಂಡಕ್ಟರ್. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎದೆಗವುಚಿಕೊಂಡಿದ್ದರು. ಹಿಂದೆ ಅವರ ಹೆಂಡತಿ, ಕುತ್ತಿಗೆಗೆ ಸ್ಕಾರ್ಫು. ಆಕೆ ಟೀಚರಾಗಿದ್ದವರು. ಗಂಟಲಿನ ಆಪರೇಷನ್ ಆದಮೇಲೆ ಬಾಯಿ ತೆರೆದರೆ ಬರೀ ಉಸಿರು ಬರುತ್ತಿತ್ತು. ದನಿ ಇನ್ನು ವಾಪಸ್ ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

"ಕಣ್ಣು ಕಾಣದ ಹುಡುಗೀರ ಹಾಸ್ಟೆಲ್ ಇದೆಯಲ್ಲಮ್ಮ, ಅವರ ಪಾಠದ ಪುಸ್ತಕ ಎಲ್ಲಾ ಇವಳೇ ಓದಿ ರೆಕಾರ್ಡ್ ಮಾಡಿದ್ಳು," ಎಂದರು ಕಂಡಕ್ಟರು. "ಆಪರೇಷನ್ನಿಗೆ ಮುಂಚೆ ಮುಗಿಸ್ಲೇಬೇಕು ಅಂತ ಹಠ. ಎಲ್ಲಾ ಇದರೊಳಗೇ ಇದೆ. ಮುಂದಿನ ತಿಂಗಳು ಪರೀಕ್ಷೆ."

"ಇನ್ನೊಂದು ಕಾಪಿ?" ಎಂದೆ ನಾನು.

"ಒಂದೇ ಕಡೆ ಜೋಪಾನವಾಗಿ ಇಟ್ರೆ ಕಳೆದುಹೋಗಲ್ಲ ಅಂತ..."

ಅಯ್ಯೋ ದೇವರೇ! ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ನಾದಿನಿ ಬಾಯಿ ಬಿಡಿಸಿದಾಗ ಉಳಿದದ್ದೂ ಹೊರಬಿತ್ತು. ಡಿಸ್ಕಿನ ಚಾರ್ಜರ್ ಸಿಗಲಿಲ್ಲವೆಂದು ಅದಕ್ಕಿಂತ ಜಾಸ್ತಿ ವೋಲ್ಟೇಜಿನ ಲ್ಯಾಪ್‌ಟಾಪಿನ ಚಾರ್ಜರ್ ಚುಚ್ಚಿದ್ದರು. ಪಿನ್ನು ಸರಿಯಾಗಿ ಕೂತಿತು, ಕೂತ ತಕ್ಷಣ ಹೊಗೆ ಎದ್ದಿತು. ಡಿಸ್ಕಿನ ತಳದಲ್ಲಿರುವ ಸರ್ಕ್ಯೂಟ್ ಬೋರ್ಡು ಸುಟ್ಟುಹೋಗಿತ್ತು. ಆಮೇಲೆ ಯಾವುದೋ ವಿಡಿಯೋ ನೋಡಿ, ಅದೇ ಮಾಡೆಲ್ಲಿನ ಬೇರೆ ಬೋರ್ಡು ತರಿಸಿ, ಸ್ಕ್ರೂ ಬಿಚ್ಚಿ ತಾವೇ ಕೂರಿಸಿದ್ದರು. ಈಗ ಕರೆಂಟು ಕೊಟ್ಟರೆ ಡಿಸ್ಕು ಕಟಕಟ ಎನ್ನುತ್ತದೆ, ಒಳಗಿನದೇನೂ ತೋರಿಸುವುದಿಲ್ಲ.

"ನಂಬರ್ ಕೂಡ ಅದೇ ಕಣಮ್ಮ, ಎರಡೆರಡು ಸಲ ನೋಡಿ ತರಿಸ್ದೆ," ಎಂದರು.

"ನಂಬರ್ ಅದೇ ಇದ್ರೆ ಆಗಲ್ಲ ಸರ್. ಒಂದೊಂದು ಡಿಸ್ಕಿನ ಲೆಕ್ಕಾಚಾರ ಒಂದೊಂದು ಥರ. ಅದು ಹಳೇ ಬೋರ್ಡಿನ ಒಂದು ಪುಟ್ಟ ಚಿಪ್ಪಲ್ಲಿ ಇರುತ್ತೆ. ಆ ಚಿಪ್ಪು ತೆಗೆದು ಇದಕ್ಕೆ ಕೂರಿಸಿದ್ರೆ ಮಾತ್ರ ಉಳಿಗಾಲ. ಹಳೇ ಬೋರ್ಡ್ ಕೊಡಿ."

ಕಂಡಕ್ಟರ ಮುಖ ಬಿಳಿಚಿಕೊಂಡಿತು. "ಅದು ಸುಟ್ಟು ಹೋಗಿತ್ತಲ್ಲಮ್ಮ..."

"ಬಿಸಾಕಿದ್ರಾ?"

ಅವರು ಹೆಂಡತಿಯ ಕಡೆ ನೋಡಿದರು. ಟೀಚರಮ್ಮ ಬಗ್ಗಿ, ನೆಲದಿಂದ ಏನನ್ನೋ ಎತ್ತಿ ಅದರ ಕೆಳಗೆ ಇನ್ನೇನನ್ನೋ ತುರುಕುವ ಹಾಗೆ ಮಾಡಿ, ನೆಟ್ಟಗೆ ನಿಂತು ಮೈಯೆಲ್ಲ ಗಡಗಡ ಅಲ್ಲಾಡಿಸಿದರು. ನಮಗೆ ತಲೆಬುಡ ತಿಳಿಯಲಿಲ್ಲ.

"ವಾಷಿಂಗ್ ಮೆಷಿನ್ನಮ್ಮ," ಎಂದರು ಕಂಡಕ್ಟರು ತಗ್ಗಿದ ದನಿಯಲ್ಲಿ. "ಒಂದು ಕಾಲು ಗಿಡ್ಡ, ಬಟ್ಟೆ ಹಾಕಿದ್ರೆ ಕುಣಿಯೋದು. ಇದರ ದಪ್ಪ ಸರಿಹೋಯ್ತು ಅಂತ..."

ನನಗೆ ಪಿತ್ತ ನೆತ್ತಿಗೇರಿತು. ಮನೇಲಿ ಒಂದು ರಟ್ಟಿನ ಚೂರು ಇರಲಿಲ್ಲವೇ ಈ ಮನುಷ್ಯನಿಗೆ? ನಾದಿನಿ ಬೈಯುತ್ತಾಳೆ ಎಂದುಕೊಂಡರೆ ಅವಳು, "ಬೇಗ ಹೋಗಿ ತನ್ನಿ. ಮೆಷಿನ್ ಓಡ್ತಿದ್ರೆ ಮೊದಲು ನಿಲ್ಸಿ," ಎಂದಳು ಅಷ್ಟೇ. ಅವಳು ಬೈಯದೇ ಇದ್ದದ್ದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಕಂಡಕ್ಟರು ಮನೆಗೆ ಹೋಗಿ ಬರುವವರೆಗೆ ಟೀಚರಮ್ಮ ನನ್ನ ಪಕ್ಕದಲ್ಲೇ ಕೂತಿದ್ದರು. ಹಾಳಾದ ಜೆರಾಕ್ಸ್ ಹಾಳೆಯ ಹಿಂದೆ ಏನೋ ಬರೆದು ನನ್ನ ಕಡೆ ಸರಿಸಿದರು. 'ಆ ಹುಡುಗಿಯರಿಗೆ ಏನಂತ ಹೇಳಲಿ?' ನಾನು ಅವರ ಕೈ ಹಿಡಿದುಕೊಂಡೆ.

ಕಂಡಕ್ಟರು ಏದುಸಿರು ಬಿಡುತ್ತಾ ಬಂದರು. ಬೋರ್ಡಿಗೆ ಸೋಪಿನ ಪುಡಿ ಮೆತ್ತಿಕೊಂಡಿತ್ತು, ಒಂದು ಮೂಲೆ ಸೀಳಿಹೋಗಿತ್ತು. ನಾದಿನಿ ಬ್ರಷ್ಷಿನಿಂದ ಒರೆಸಿ, ಭೂತಗನ್ನಡಿಯ ಕೆಳಗಿಟ್ಟು ತುಂಬಾ ಹೊತ್ತು ನೋಡಿದಳು. ಮೆಷಿನ್ನಿನ ಕಾಲು ಈ ತುದಿಯಲ್ಲಿ ಕೂತಿತ್ತು, ಚಿಪ್ಪು ಆ ತುದಿಯಲ್ಲಿತ್ತು. "ಬದುಕಿದೆ ಅನ್ಸುತ್ತೆ ಅತ್ತಿಗೆ. ಚಿಪ್ಪಿನ ಎರಡು ಕಾಲು ಬಾಗಿದೆ, ಮುರಿದಿಲ್ಲ," ಎಂದಳು.

ಬಿಸಿಗಾಳಿಗೆ ಬೆಸುಗೆ ಕರಗಿತು. ಸಾಸಿವೆಗಿಂತ ಚೂರು ದೊಡ್ಡದಾದ ಆ ಚಿಪ್ಪನ್ನು ಚಿಮಟದಲ್ಲಿ ಎತ್ತಿ ಹೊಸ ಬೋರ್ಡಿನ ಮೇಲೆ ಕೂರಿಸಿದಳು. ಜೆರಾಕ್ಸಿಗೆ ಬಂದವರನ್ನೆಲ್ಲ ನಾನು ಕೈಸನ್ನೆಯಲ್ಲೇ ವಾಪಸ್ ಕಳಿಸಿದೆ. ಅವಳು ಬೋರ್ಡನ್ನು ಡಿಸ್ಕಿಗೆ ಬಿಗಿದು ಕರೆಂಟು ಕೊಟ್ಟಳು. ಡಿಸ್ಕು ಗುಂಯ್ ಎಂದಿತು. ಕಟಕಟ ಸದ್ದಿಲ್ಲ. ಪರದೆಯ ಮೇಲೆ ಒಂದರ ಕೆಳಗೊಂದು ಪಾಠದ ಹೆಸರುಗಳು ಬಂದವು.

"ಬಂತು ರೀ, ಬಂತು!" ಎಂದು ನಾದಿನಿ ಮೇಜು ಕುಟ್ಟಿದಳು. ನನಗೆ ಹೋದ ಜೀವ ಬಂದಂತಾಯಿತು. ಕಂಡಕ್ಟರು ಸ್ಟೂಲಿನ ಮೇಲೆ ಕುಸಿದು ಕೂತರು.

ಸರಿಯಾಗಿದೆಯೋ ನೋಡೋಣ ಎಂದು ಅವಳು ಒಂದನ್ನು ಹಚ್ಚಿದಳು. ಸ್ಪಷ್ಟವಾದ, ತುಂಬು ದನಿ. ನದಿಗಳ ಪಾಠ. ಟೀಚರಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಓದು ನಡುವೆ ಗಕ್ಕನೆ ನಿಂತು, ಅದೇ ದನಿ ಗದರಿತು.

"ರೀ, ಆ ಫ್ಯಾನ್ ಆಫ್ ಮಾಡ್ರೀ! ಸದ್ದೆಲ್ಲ ಇದರೊಳಗೆ ಬರ್ತಿದೆ. ಎಷ್ಟು ಸಲ ಹೇಳ್ಬೇಕು ನಿಮಗೆ?"

ಕಂಡಕ್ಟರು ದಡಕ್ಕನೆ ಎದ್ದು ಹೋಗಿ ನಮ್ಮಂಗಡಿಯ ಫ್ಯಾನ್ ಆಫ್ ಮಾಡಿದರು.

ಆಮೇಲೆ ಅವರಿಗೇ ಗೊತ್ತಾಗಿ, ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತರು. ಟೀಚರಮ್ಮನ ಭುಜ ಕುಲುಕುತ್ತಿತ್ತು. ಕಣ್ಣಲ್ಲಿ ನೀರು, ಮುಖದ ತುಂಬಾ ನಗು.

"ಹುಡುಗೀರಿಗೆ ಕೊಡೋ ಕಾಪಿಯಲ್ಲಿ ಈ ಒಂದು ತುಂಡು ಕತ್ತರಿಸ್ಲಾ ಸರ್?" ಎಂದು ನಾದಿನಿ ಕೇಳಿದಳು. ಅವಳ ಬಾಯಲ್ಲಿ ಅಷ್ಟು ಮೆತ್ತನೆ ಮಾತು ನಾನು ಕೇಳಿದ್ದು ಅದೇ ಮೊದಲು.

"ಇರ್ಲಿ ಬಿಡಮ್ಮ," ಎಂದರು ಕಂಡಕ್ಟರು, ಹೆಂಡತಿಯನ್ನೇ ನೋಡುತ್ತಾ. "ಬೈಸ್ಕೊಂಡು ಬಹಳ ದಿನ ಆಗಿತ್ತು."

ಎರಡು ಕಾಪಿ ಆಗುವವರೆಗೂ ನಾಲ್ವರೂ ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆವು. ಫ್ಯಾನ್ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ.