ಗುಂಡಿಯ ಸಬ್ಜೆಕ್ಟು

ನಮ್ಮಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮಗ ತೊದಲುತ್ತಾನೆಂದು ಶಾಲೆಯ ಟೀಚರು, ವಾಕ್ಯ ಪೂರ್ತಿ ಹೇಳುವವರೆಗೂ ಕೂರಬೇಡ ಎಂದು ಅವನನ್ನು ತರಗತಿಯಲ್ಲಿ ನಿಲ್ಲಿಸಿದ್ದರು. ಆ ದಿನ ಅವನ ಚೀಲವನ್ನು ಹೆಗಲಿಗೇರಿಸಿ, ಮಗಳ ಕೈಯನ್ನೂ ಹಿಡಿದು ಮನೆಗೆ ಬಂದವಳು ಮತ್ತೆ ಆ ಶಾಲೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮಕ್ಕಳಿಗೆ ಮನೆಯಲ್ಲಿ ತಾನೇ ಪಾಠ ಹೇಳತೊಡಗಿದಳು. ಇವಳಿಗೆಲ್ಲೋ ತಲೆ ಕೆಟ್ಟಿದೆ ಎಂದವರಲ್ಲಿ ನಾನೂ ಒಬ್ಬಳು. ಮೂರು ವರ್ಷದಲ್ಲಿ ಹುಡುಗ ಹೊಸಬರ ಹತ್ತಿರವೂ ನಿಧಾನವಾಗಿ, ಸಲೀಸಾಗಿ ಮಾತಾಡುವಂತಾದ. ನಾನು ಬಾಯಿ ಮುಚ್ಚಿಕೊಂಡೆ.

ಅಕ್ಕ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯ ಬಟ್ಟೆ ಕತ್ತರಿಸುವ ಮೇಜೇ ಬೆಳಿಗ್ಗೆ ಶಾಲೆ. ಒಂದು ತುದಿಯಲ್ಲಿ ಹನ್ನೊಂದು ವರ್ಷದ ಮಗ ಭಿನ್ನರಾಶಿಯ ಜೊತೆ ಗುದ್ದಾಡುತ್ತಿರುತ್ತಾನೆ. ಇನ್ನೊಂದು ತುದಿಯಲ್ಲಿ ಒಂಬತ್ತರ ಮಗಳು ಎಲೆಯ ಚಿತ್ರ ಬರೆದು ಭಾಗ ಗುರುತಿಸುತ್ತಿರುತ್ತಾಳೆ. ಮೇಜಿನ ಕೆಳಗೆ, ಚೂರುಬಟ್ಟೆಗಳ ನಡುವೆ, ನಾಲ್ಕು ವರ್ಷದ ಕಿರಿಯವಳು ಅಂಗಿಯ ಗುಂಡಿಗಳನ್ನು ಬಣ್ಣ ನೋಡಿ ಜೋಡಿಸುತ್ತಾಳೆ. ಅವಳಿಗೆ ಗುಂಡಿ ಎಂದೇ ಹೆಸರು ಬಿದ್ದಿದೆ.

ಜಗಳ ಬಂದದ್ದು ಈ ಗುಂಡಿಯಿಂದ. ಬಸ್ ಓಡಿಸುವ ಭಾವ, ಇವಳನ್ನಾದರೂ ಬೀದಿ ಕೊನೆಯ ಶಿಶುವಿಹಾರಕ್ಕೆ ಸೇರಿಸೋಣ ಎಂದರು. ಮೂವರಿಗೂ ತಾನೇ ಕಲಿಸುತ್ತೇನೆಂದು ಅಕ್ಕನ ಹಟ. ಕೊನೆಗೆ ಭಾವ ನನ್ನನ್ನು ನಡುವೆ ಎಳೆದರು.

"ನೀನೇ ಒಂದಿನ ಕೂತು ನೋಡು. ಚಿಕ್ಕವಳು ಏನಾದ್ರೂ ಕಲೀತಿದಾಳೆ ಅಂದ್ರೆ ನಾನಿನ್ನು ಚಕಾರ ಎತ್ತಲ್ಲ. ಇಲ್ಲಾಂದ್ರೆ ಸೋಮವಾರವೇ ಶಿಶುವಿಹಾರ."

ಅಕ್ಕನೂ ಹೂಂ ಎಂದಳು.

ನಾನು ಹೋಗಿ ಕೂತೆ. ದೊಡ್ಡ ಮಕ್ಕಳಿಬ್ಬರ ಪಾಠದ ನಡುವೆ ಅಕ್ಕನಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಗುಂಡಿ ಮೂರು ಸಲ ಮೇಜಿನ ಕೆಳಗಿಂದ ತಲೆ ಹೊರಹಾಕಿ "ಅಮ್ಮ, ನಂಗೆ?" ಎಂದಳು. ಮೂರು ಸಲವೂ ಅಕ್ಕ ತಿರುಗಿ ನೋಡದೆ "ಆಮೇಲೆ ಕಂದ" ಎಂದಳು. ಮಗು ಅಳಲಿಲ್ಲ, ರಚ್ಚೆ ಹಿಡಿಯಲಿಲ್ಲ. ತೆಪ್ಪಗೆ ತನ್ನ ಗುಂಡಿಗಳ ಡಬ್ಬಿಯ ಹತ್ತಿರ ಹೋಯಿತು.

ಊಟದ ಹೊತ್ತಿಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ನಿಮ್ಮನೇಲಿ ಯಾರ್ಯಾರು ಏನೇನು ಕಲೀತಾರೆ? ಚಿಕ್ಕಮ್ಮಂಗೆ ಹೇಳು."

"ಅಣ್ಣ ಗಣಿತ. ಅಕ್ಕ ವಿಜ್ಞಾನ." ಎದೆ ಮುಟ್ಟಿಕೊಂಡು ಜಂಬದಿಂದ ಹೇಳಿದಳು, "ನಾನು ಆಮೇಲೆ."

"ಆಮೇಲೆ ಏನು?"

"ಆಮೇಲೇನೇ. ಅದು ನನ್ ಸಬ್ಜೆಕ್ಟು."

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡ ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ಅಕ್ಕನ ಮುಖ ಮಾತ್ರ ಸಪ್ಪಗಾಯಿತು. ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

"ದಿನ ಇನ್ನೂ ಮುಗಿದಿಲ್ಲ ಅಕ್ಕ," ಎಂದೆ.

ಊಟವಾದ ಮೇಲೆ ಅಕ್ಕ ದೊಡ್ಡ ಮಕ್ಕಳಿಗೆ "ನೀವೇ ಮಾಡ್ಕೊಳ್ಳಿ" ಎಂದು ಹೇಳಿ, ಗುಂಡಿಯನ್ನು ಎತ್ತಿ ಮೇಜಿನ ಮೇಲೆಯೇ ಕೂರಿಸಿದಳು. ಏನು ಕಲಿಯಬೇಕು ಎಂದು ಕೇಳಿದ್ದಕ್ಕೆ ಮಗು ತನ್ನ ಹೆಸರು ಬರೆಯಬೇಕೆಂದಿತು. ಬಟ್ಟೆಗೆ ಗುರುತು ಹಾಕುವ ಸುಣ್ಣದಕಡ್ಡಿ ಕೊಟ್ಟು, ಕಪ್ಪು ಬಟ್ಟೆಚೂರಿನ ಮೇಲೆ ಕೈ ಹಿಡಿದು ತಿದ್ದಿಸಿದಳು. ಮಗುವಿನ ಮುಖ ಖುಷಿಯಿಂದ ಅರಳಿತು. ಹುಡುಗ ಮಾತ್ರ ಎರಡು ನಿಮಿಷಕ್ಕೊಮ್ಮೆ "ಅಮ್ಮ, ಈ ಲೆಕ್ಕ" ಎನ್ನುತ್ತಲೇ ಇದ್ದ. ಅಕ್ಕ ಕೇಳಿಸದವಳಂತೆ ಇದ್ದಳು. ಐದನೇ ಸಲಕ್ಕೆ ಅವನ ಮಾತು ಮತ್ತೆ ತೊದಲಿತು. ಅಕ್ಕನ ಕೈ ನಿಂತಿತು.

ಗುಂಡಿ ಸುಣ್ಣದಕಡ್ಡಿ ಕೆಳಗಿಟ್ಟಳು. "ನೀನು ಅಣ್ಣನ ಹತ್ರ ಹೋಗಮ್ಮ. ಪಾಪ, ಅವ್ನಿಗೆ ಕಾಯೋಕೆ ಬರಲ್ಲ."

ಅಕ್ಕ ಅತ್ತಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಭಾವನಿಗೆ ನಾನು ಏನೂ ಹೇಳಬೇಕಾಗಿ ಬರಲಿಲ್ಲ. ಸೋಮವಾರ ಅಕ್ಕನೇ ಗುಂಡಿಯ ತಲೆ ಬಾಚಿ ಶಿಶುವಿಹಾರಕ್ಕೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಬಾಗಿಲಲ್ಲಿ ನಿಂತು ಟೀಚರಿಗೆ ಒಂದೇ ಮಾತು ಹೇಳಿದಳು.

"ಇವಳು ಎರಡ್ಮೂರು ಸಲ ಕೇಳಿ ಸುಮ್ಮನಾಗ್ಬಿಡ್ತಾಳೆ. ದಯವಿಟ್ಟು, ಮೊದಲನೇ ಸಲಕ್ಕೇ ತಿರುಗಿ ನೋಡಿ."